ಸಿಕ್ ಲೈನಿನಲ್ಲಿ ನಿಂತಿದ್ದ ನಂಬರು

ಅರಸೀಕೆರೆ ಯಾರ್ಡಿನಲ್ಲಿ ನಾನು ಮಾಡುತ್ತಿದ್ದ ಕೆಲಸಕ್ಕೆ ಆಫೀಸಿನ ಕಾಗದದ ಮೇಲೆ ಏನೇನೋ ದೊಡ್ಡ ಹೆಸರುಗಳಿದ್ದವು. ನಮ್ಮ ನಮ್ಮಲ್ಲಿ ನಾವು ‘ನಂಬರು ಬರೆಯೋರು’. ಗೂಡ್ಸ್ ಗಾಡಿ ಬಂದು ನಿಂತರೆ ಎಂಜಿನ್ನಿನಿಂದ ಹಿಡಿದು ಗಾರ್ಡಿನ ಡಬ್ಬಿಯ ತನಕ ಜಲ್ಲಿಕಲ್ಲಿನ ಮೇಲೆ ನಡೆಯುವುದು, ಒಂದೊಂದು ವ್ಯಾಗನ್ನಿನ ಮೈಮೇಲಿರುವ ನಂಬರನ್ನು ಬರೆದುಕೊಳ್ಳುವುದು, ಬಂದು ಕಂಪ್ಯೂಟರಿಗೆ ಹಾಕುವುದು. ಇಷ್ಟೇ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ನನ್ನ ಬೀಳ್ಕೊಡುಗೆಯ ದಿನ ಕೇಳಿದಳು, “ಆಂಟಿ, ಇಡೀ ಸರ್ವೀಸು ಬರೀ ನಂಬರ್ ನೋಡ್ಕೊಂಡೇ ಕಳೆದ್ರಲ್ಲ, ಬೋರ್ ಆಗ್ಲಿಲ್ವಾ?” ಬಾಯಿ ತುಂಬ ಮೈಸೂರುಪಾಕು ಇದ್ದುದರಿಂದ ನಾನು ತಲೆಯಷ್ಟೇ ಆಡಿಸಿದೆ. ಅವಳಿಗೂ ಅವಳಂಥವರಿಗೂ ಉತ್ತರ ಹೇಳಬೇಕೆಂದು ಈಗ ಕೂತಿದ್ದೇನೆ. ಬಡ್ತಿ, ಸನ್ಮಾನಗಳ ವಿಷಯ ಬೇಡ. ಅವು ಎಲ್ಲರಿಗೂ ಒಂದೇ ಥರ ಬರುತ್ತವೆ, ಅಥವಾ ಬರುವುದಿಲ್ಲ.

ನಾನು ಆಸೆಪಟ್ಟು ಸೇರಿದ ಕೆಲಸವಲ್ಲ ಅದು. ನಮ್ಮ ಯಜಮಾನರು ಅದೇ ಯಾರ್ಡಿನಲ್ಲಿ ಗಾಡಿಗಳಿಗೆ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್ ಆಗಿದ್ದರು. ಕಾಮಾಲೆ ಬಂದು, ನಾಟಿ ಔಷಧಿ, ಆಸ್ಪತ್ರೆ ಎರಡೂ ಆಗಿ, ಕೊನೆಗೆ ಉಳಿಯಲಿಲ್ಲ. ನಾನು ಪಿಯುಸಿ ಪಾಸು ಮಾಡಿದ್ದೆನೆಂದು ಅನುಕಂಪದ ಮೇಲೆ ನಂಬರು ಬರೆಯುವ ಕೆಲಸ ಕೊಟ್ಟರು. ಅವರು ಓಡಾಡಿದ ಹಳಿಗಳ ಮೇಲೇ ನಾನು ಓಡಾಡಬೇಕು. ಅವರ ಜೊತೆಯವರೇ ಎದುರಿಗೆ ಬಂದು ಮುಖ ತಗ್ಗಿಸಿಕೊಂಡು ಹೋಗುತ್ತಿದ್ದರು. ನನ್ನ ಮನೆ ಹಳೇಬೀಡಿನಲ್ಲಿ. ಅತ್ತೆಯವರು ಮಗುವನ್ನು ನೋಡಿಕೊಳ್ಳುತ್ತಿದ್ದರು. ಬೆಳಗಾಗೆದ್ದು ಬೇಲೂರಿನಿಂದ ಬರುವ ಬಸ್ಸು ಹತ್ತಿ, ಜಾವಗಲ್, ಬಾಣಾವರ ದಾಟಿ ಅರಸೀಕೆರೆಗೆ ಇಳಿಯುವುದು. ಬಸ್ಸು ಬಾಣಾವರ ಬಿಟ್ಟಿತೆಂದರೆ ಅಲ್ಲೇ ಇಳಿದು ಮನೆಗೆ ವಾಪಸು ಹೋಗಿಬಿಡೋಣ ಅನ್ನಿಸುತ್ತಿತ್ತು.

ಕೆಲಸ ಕಲಿಸಿದವರು ಸಿದ್ದೇಗೌಡರು. ಬೇಲೂರಿನವರು, ನನಗಿಂತ ಹದಿನೈದು ವರ್ಷ ಹಿರಿಯರು. ತೆಳ್ಳಗೆ ಉದ್ದಕ್ಕೆ ಇದ್ದರು, ಹೆಗಲ ಮೇಲೆ ಸದಾ ಒಂದು ಟವೆಲು. ಕೈ ಬಿಗಿ ಎಂದು ಯಾರ್ಡಿಗೇ ಹೆಸರಾಗಿದ್ದರು. ಮನೆಯಿಂದ ತಂದ ರಾಗಿರೊಟ್ಟಿ ಬಿಟ್ಟು ಹೋಟೆಲಿನ ಕಡೆ ತಲೆ ಹಾಕಿ ಮಲಗಿದವರಲ್ಲ. ಚಹಾ ಕೂಡ ಯಾರಾದರೂ ಕೊಡಿಸಿದರೆ ಕುಡಿಯುತ್ತಿದ್ದರು.

ಆಗಷ್ಟೇ ಎಲ್ಲ ವ್ಯಾಗನ್ನುಗಳಿಗೂ ಹನ್ನೊಂದು ಅಂಕಿಯ ಹೊಸ ನಂಬರು ಬಂದಿತ್ತು. ಹಳಬರು ಬೈದುಕೊಳ್ಳುತ್ತಿದ್ದರು. ಸಿದ್ದೇಗೌಡರೊಬ್ಬರಿಗೆ ಮಾತ್ರ ಖುಷಿ. ಮೊದಲ ವಾರದಲ್ಲೇ ನನ್ನನ್ನು ಸಿಕ್ ಲೈನಿಗೆ ಕರೆದುಕೊಂಡು ಹೋದರು. ಕೆಟ್ಟ ವ್ಯಾಗನ್ನನ್ನು ನಮ್ಮಲ್ಲಿ ‘ಸಿಕ್ ಆಗಿದೆ’ ಎನ್ನುತ್ತಾರೆ. ರಿಪೇರಿ ಆಗುವವರೆಗೆ ಅದನ್ನು ಬೇರೆಯಾಗಿ ನಿಲ್ಲಿಸುವ ಹಳಿಯೇ ಸಿಕ್ ಲೈನು. ಅಲ್ಲಿ ಒಂದು ಮುಚ್ಚಿದ ವ್ಯಾಗನ್ನು ಒಂಟಿಯಾಗಿ ನಿಂತಿತ್ತು. ಮೈಯೆಲ್ಲ ಸಿಮೆಂಟಿನ ಧೂಳು. ಟವೆಲಿನಿಂದ ಒರೆಸಿದಾಗ ನಂಬರು ಕಂಡಿತು: ೩೦೧೨೯೦೨೩೩೬೯.

“ಇದು ಒಂದು ನಂಬರಲ್ಲ ಕಣಮ್ಮ, ಒಂದು ಜಾತಕ” ಎಂದರು. ಮೊದಲ ಮೂವತ್ತು ಎಂದರೆ ಮುಚ್ಚಿದ ವ್ಯಾಗನ್ನು. ಹನ್ನೆರಡು ಎಂದರೆ ಪೂರ್ವ ಕರಾವಳಿಯ ವಲಯದ್ದು. ತೊಂಬತ್ತು ಹುಟ್ಟಿದ ವರ್ಷ. ಇಪ್ಪತ್ಮೂರು ಮೂವತ್ತಾರು ಅದರ ಸ್ವಂತ ಹೆಸರು. ಕೊನೆಯ ಒಂಬತ್ತು ಕಾವಲುಗಾರ. ಹಿಂದಿನ ಹತ್ತರಲ್ಲಿ ಯಾವುದೇ ಒಂದು ಅಂಕಿ ತಪ್ಪಿದರೂ ಅದು ಕೂಗಿಕೊಳ್ಳುತ್ತದೆ. ಹೇಗೆಂದು ವ್ಯಾಗನ್ನಿನ ಮೇಲೇ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಎರಡನೆಯ, ನಾಲ್ಕನೆಯ, ಹೀಗೆ ಸರಿ ಸ್ಥಾನದ ಅಂಕಿಗಳನ್ನು ಕೂಡಿದರೆ ಹನ್ನೊಂದು. ಅದರ ಮೂರರಷ್ಟು ಮೂವತ್ಮೂರು. ಕಾವಲುಗಾರನನ್ನು ಬಿಟ್ಟು ಬೆಸ ಸ್ಥಾನದವನ್ನು ಕೂಡಿದರೆ ಹದಿನೆಂಟು. ಒಟ್ಟು ಐವತ್ತೊಂದು. ಹತ್ತರ ಮಗ್ಗಿಯಲ್ಲಿ ಮುಂದಿನದಾದ ಅರವತ್ತು ಆಗುವುದಕ್ಕೆ ಎಷ್ಟು ಬೇಕು?

“ಒಂಬತ್ತು” ಎಂದೆ. ಕೊನೆಯ ಅಂಕಿಯೂ ಒಂಬತ್ತೇ. ಯಜಮಾನರು ಹೋದ ಮೇಲೆ ಒಂದು ವಸ್ತು ಅಂದುಕೊಂಡ ಹಾಗೆಯೇ ಇದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟಾದರೂ ನನ್ನ ಮನಸ್ಸು ನಿಲ್ಲಲಿಲ್ಲ. ತಿಂಗಳೊಳಗೆ ಅದೇ ವ್ಯಾಗನ್ನಿನ ಮರೆಯಲ್ಲಿ ನಿಂತು ಅಳುತ್ತಿದ್ದಾಗ ಗೌಡರ ಕೈಗೆ ಸಿಕ್ಕಿಬಿದ್ದೆ.

“ನನ್ ಕೈಲಿ ಆಗಲ್ಲ ಸಾರ್. ರಾಜೀನಾಮೆ ಬರ್ದು ಕೊಟ್ಬಿಡ್ತೀನಿ.”

“ಆಮೇಲೆ?”

“ಹೊಲ ಐತೆ. ಅತ್ತೆ ಅವ್ರೆ. ಹೆಂಗೋ ಆಯ್ತದೆ.”

ಹೊಲ ಎಂದರೆ ಮುಕ್ಕಾಲು ಎಕರೆ ರಾಗಿ. ಅದು ಅವರಿಗೂ ಗೊತ್ತಿತ್ತು. ಗೌಡರು ಬುದ್ಧಿ ಹೇಳಲಿಲ್ಲ. ವ್ಯಾಗನ್ನಿನ ನಂಬರಿಗೆ ಬೆರಳು ಮಾಡಿ ಕೇಳಿದರು, “ಇದು ಯಾವುದರಿಂದ ಭಾಗ ಹೋಯ್ತದೆ, ಹೇಳು?”

ಬೆಸ ಸಂಖ್ಯೆ, ಎರಡರಿಂದ ಹೋಗುವುದಿಲ್ಲ. ಅಂಕಿಗಳ ಮೊತ್ತ ಮೂವತ್ತೆಂಟು, ಆದ್ದರಿಂದ ಮೂರರಿಂದಲೂ ಇಲ್ಲ. ಕೊನೆಯಲ್ಲಿ ಸೊನ್ನೆಯೋ ಐದೋ ಇಲ್ಲ. ಮೂಗು ಒರೆಸಿಕೊಳ್ಳುತ್ತ ಏಳರಿಂದ ಭಾಗಿಸಿದೆ, ನಾಲ್ಕು ಉಳಿಯಿತು. ಹನ್ನೊಂದರಿಂದ ಐದು, ಹದಿಮೂರರಿಂದ ಮೂರು.

“ಯಾವುದರಿಂದಲೂ ಹೋಗಲ್ವೇನೋ ಸಾರ್. ಅವಿಭಾಜ್ಯ ಇರ್ಬೇಕು.”

“ಇರ್ಬೇಕು ಅಂದ್ರಾಗಲ್ಲ, ನೋಡ್ಬೇಕು. ನೋಡಾಣ, ಇಬ್ರೂ ಸೇರಿ. ಇದು ಯಾವುದ್ರಿಂದ ಹೋಯ್ತದೆ ಅಂತ ಗೊತ್ತಾದ ದಿನ ನೀನು ರಾಜೀನಾಮೆ ಬರ್ದು ಕೊಡು. ನಾನೇ ತಗೊಂಡೋಗಿ ಸಾಹೇಬ್ರ ಟೇಬಲ್ ಮೇಲೆ ಇಡ್ತೀನಿ.”

ಹನ್ನೊಂದು ಅಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಕೈಯಲ್ಲಿ ನೋಡಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಬೇಕು. ನಮ್ಮ ನಂಬರಿಗೆ ಅದು ಒಂದು ಲಕ್ಷದ ಎಪ್ಪತ್ಮೂರು ಸಾವಿರ ಚಿಲ್ಲರೆ. ಅದು ಎಷ್ಟು ದೊಡ್ಡ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ನಾಲ್ಕು ದಿನದ ಮಾತು ಎಂದುಕೊಂಡು ಒಪ್ಪಿದೆ.

ಪಾಲು ಮಾಡಿಕೊಂಡೆವು. ಐದರ ಮೇಲಿನ ಅವಿಭಾಜ್ಯಗಳೆಲ್ಲ ಒಂದು, ಮೂರು, ಏಳು, ಒಂಬತ್ತರಲ್ಲೇ ಕೊನೆಯಾಗುತ್ತವೆ. ಒಂದು ಮತ್ತು ಏಳರವು ಗೌಡರಿಗೆ, ಮೂರು ಮತ್ತು ಒಂಬತ್ತರವು ನನಗೆ. ಯಾರ ಪಾಲಿನಲ್ಲಿ ಭಾಗ ಹೋಗುತ್ತದೋ ಅವರು ಆಫೀಸಿಗೆಲ್ಲ ಮಸಾಲೆದೋಸೆ ಕೊಡಿಸಬೇಕು. ಈ ಪಂದ್ಯ ಹಾಕಿದ್ದು ನಾನು. ಅವರ ಕೈಯಿಂದ ದೋಸೆ ತಿನ್ನುವ ಆಸೆಗಿಂತ, ಅವರ ಮುಖ ನೋಡುವ ಆಸೆ.

ಹಾಗೆ ಶುರುವಾಯಿತು. ಹಗಲು ಪಾಳಿ ಬಿದ್ದಾಗಲೆಲ್ಲ ಗೌಡರು ಬೇಲೂರಿನಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿನ ಮೇಲೆ ನನಗಾಗಿ ಟವೆಲು ಹಾಕಿ, ತಾವು ಅದರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ನಮ್ಮೂರ ಕೆರೆ ಏರಿಯ ಹತ್ತಿರ ನಾನು ಹತ್ತಿದ ಕೂಡಲೇ ಟವೆಲು ತೆಗೆಯುತ್ತಿದ್ದರು. ಕಂಡಕ್ಟರು ರೇಗಿಸುತ್ತಿದ್ದ, “ಗೌಡ್ರೆ, ಟವೆಲ್ಗೂ ಒಂದು ಟಿಕೆಟ್ ತಗಳ್ರೀ.” ಒಂದು ಬದಿ ಖಾಲಿಯಿದ್ದ ಹಳೆಯ ಕಂಪ್ಯೂಟರ್ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಭಾಗಾಕಾರಕ್ಕೆ ತೊಡಗುತ್ತಿದ್ದೆವು. ಜಾವಗಲ್ ಬರುವಷ್ಟರಲ್ಲಿ ನನ್ನದು ಒಂದು ಮುಗಿಯುತ್ತಿತ್ತು. “ಹೋಗಲಿಲ್ಲ ಸಾರ್” ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದಿನಿಂದ ಅವರ ದನಿ, “ನಂದೂ ಹೋಗ್ಲಿಲ್ಲ ಕಣಮ್ಮ.” ಆ ಹಾಳೆಗಳಲ್ಲೇ ಮಾರನೆಯ ದಿನದ ರೊಟ್ಟಿ ಸುತ್ತಿಕೊಂಡು ಬರುತ್ತಿದ್ದರು.

ಮೊದಮೊದಲು ‘ಇವತ್ತಾದರೂ ಹೋಗಲಪ್ಪ, ಬಿಡುಗಡೆಯಾಗಲಿ’ ಎಂದು ಭಾಗಿಸುತ್ತಿದ್ದೆ. ನಿಜ ಹೇಳುತ್ತೇನೆ, ರಾಜೀನಾಮೆ ಮನಸ್ಸಿನಲ್ಲಿ ಬರೆದೇ ಇಟ್ಟಿದ್ದೆ. ಯಾವಾಗ ಅದು ‘ಹೋಗದಿರಲಿ’ ಎಂದು ತಿರುಗಿತೋ ತಿಳಿಯದು. ಒಂದು ದಿನ ಬಾಣಾವರ ದಾಟಿ ಎಷ್ಟೋ ಹೊತ್ತಾದ ಮೇಲೆ, ಇಳಿದು ವಾಪಸು ಹೋಗುವ ಯೋಚನೆಯನ್ನೇ ಮರೆತಿದ್ದೇನೆ ಎಂಬುದು ನೆನಪಾಯಿತು.

ಕೆಲಸದ ವಿಷಯ ಹೇಳುತ್ತೇನೆಂದು ಗೌಡರ ಪುರಾಣ ಮಾಡುತ್ತಿದ್ದೇನೆ ಎನ್ನಬೇಡಿ. ನನಗೆ ಎರಡೂ ಒಂದೇ.

ನೀವು ತಿಳಿದಿರಬೇಕಾದ ಒಂದು ಎಡವಟ್ಟು ಹೇಳುತ್ತೇನೆ. ಒಮ್ಮೆ ಗೊಬ್ಬರದ ಗಾಡಿ ಬಂದಿತ್ತು. ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಬಸವರಾಜು ನಂಬರು ಬರೆದ. ಕಂಪ್ಯೂಟರು ಎಲ್ಲವನ್ನೂ ಒಪ್ಪಿತು. ಮಾರನೆಯ ದಿನ ಮೇಲಿನಿಂದ ಫೋನಿನ ಮೇಲೆ ಫೋನು. ಒಂದು ವ್ಯಾಗನ್ನು ಕಾಣುತ್ತಿಲ್ಲ, ಇನ್ನೊಂದು ವ್ಯಾಗನ್ನು ಏಕಕಾಲಕ್ಕೆ ಅರಸೀಕೆರೆಯಲ್ಲೂ ಗುಜರಾತಿನಲ್ಲೂ ಇದೆ! ಆಗ ನಮಗೆ ಯಾರ್ಡ್ ಮಾಸ್ಟರ್ ಆಗಿದ್ದವರು ಹುಬ್ಬಳ್ಳಿ ಕಡೆಯವರು, ಮೂಗಿನ ತುದಿಯಲ್ಲಿ ಕೋಪ.

“ಏನ್ರಿ ಇದು? ವ್ಯಾಗನ್ ಏನು ಹನುಮಪ್ಪ ಏನ್ರಿ, ಹಾರಿ ಹೋಗಾಕ?” ಎಂದು ಕೂಗಾಡಿ, ತಾವೇ ಬಿಸಿಲಿನಲ್ಲಿ ಗಾಡಿಯ ಉದ್ದಕ್ಕೂ ನಡೆದು ನೋಡಿದರು. ಒಂದು ವ್ಯಾಗನ್ನಿನ ಮೇಲೆ ಇಪ್ಪತ್ತೇಳು ಎಂದಿತ್ತು, ಬಸವರಾಜು ಎಪ್ಪತ್ತೆರಡು ಎಂದು ಬರೆದಿದ್ದ. ಎರಡೂ ಏಳೂ ಅದಲು ಬದಲು.

“ಹಂಗಾರ ಕಂಪ್ಯೂಟರ್ ಯಾಕ ಹಿಡೀಲಿಲ್ಲ?” ಎಂದು ಅವರು ಪ್ಲಾಟ್‌ಫಾರಮ್ಮಿನ ಮೇಲೇ ಕುಕ್ಕರಗಾಲಿನಲ್ಲಿ ಕೂತು ಸೀಮೆಸುಣ್ಣ ಹಿಡಿದರು. ಗೌಡರು ಪಕ್ಕದಲ್ಲಿ ಕೂತರು. ಕೊಬ್ಬರಿ ಚೀಲ ಹೊರುವವರು ಸುತ್ತ ನಿಂತು ನೋಡುತ್ತಿದ್ದರು. ಕೊನೆಗೆ ಸಾಹೇಬರೇ ಕಂಡುಹಿಡಿದರು. ಅಕ್ಕಪಕ್ಕದ ಎರಡು ಅಂಕಿಗಳ ನಡುವೆ ವ್ಯತ್ಯಾಸ ಐದಿದ್ದರೆ, ಅವು ಸ್ಥಳ ಬದಲಿಸಿದರೂ ಕೊನೆಯ ಕಾವಲುಗಾರನಿಗೆ ಗೊತ್ತಾಗುವುದಿಲ್ಲ. ಏರುಪೇರು ಸರಿಯಾಗಿ ಹತ್ತರಷ್ಟೇ ಆಗುತ್ತದೆ, ಕೊನೆಯ ಅಂಕಿ ಅದೇ ಉಳಿಯುತ್ತದೆ. ಇಪ್ಪತ್ತೇಳು ಎಪ್ಪತ್ತೆರಡು, ಮೂವತ್ತೆಂಟು ಎಂಬತ್ಮೂರು, ಹದಿನಾರು ಅರವತ್ತೊಂದು, ಎಲ್ಲ ಕಳ್ಳ ಜೋಡಿಗಳು. ಸಾಹೇಬರು ಕೋಪ ಮರೆತು ಮಗುವಿನ ಹಾಗೆ ನಕ್ಕರು. ಅಂಥ ಮೇಲಧಿಕಾರಿ ಆಮೇಲೆ ಸಿಗಲಿಲ್ಲ. ಹೊಸಬರಿಗೆ ನಾನು ಹೇಳುವುದು ಇಷ್ಟು: ಲೆಕ್ಕ ಸರಿಬಂತು ಎಂದ ಮಾತ್ರಕ್ಕೆ ಕಂಡದ್ದು ನಿಜ ಎಂದು ನಂಬಬೇಡಿ, ವ್ಯಾಗನ್ನಿನ ಹತ್ತಿರ ಹೋಗಿ ಇನ್ನೊಮ್ಮೆ ನೋಡಿ.

ಆ ಸಂಜೆ ನಾನು ಮೊದಲು ಮಾಡಿದ ಕೆಲಸ, ನಮ್ಮ ನಂಬರಿನಲ್ಲಿ ಅಂಥ ಕಳ್ಳ ಜೋಡಿ ಇದೆಯೇ ಎಂದು ನೋಡಿದ್ದು. ಇರಲಿಲ್ಲ. ಎಷ್ಟು ಸಮಾಧಾನವಾಯಿತು! ಆ ಹೊತ್ತಿಗೆ ವ್ಯಾಗನ್ನು ರಿಪೇರಿಯಾಗಿ ಹೊರಟುಹೋಗಿ ಬಹಳ ಕಾಲವಾಗಿತ್ತು. ಅದು ಹೋದ ದಿನ ನನಗೆ ರಜೆ. ಬಂದು ನೋಡಿದರೆ ಸಿಕ್ ಲೈನು ಖಾಲಿ. ಅಂದಿನಿಂದ ನಿವೃತ್ತಿಯಾಗುವ ತನಕ, ಪ್ರತಿಯೊಂದು ಮುಚ್ಚಿದ ವ್ಯಾಗನ್ನಿನ ಗಾಡಿ ಬಂದಾಗಲೂ ಕಣ್ಣು ಮೊದಲು ಮೂವತ್ತು, ಹನ್ನೆರಡು, ತೊಂಬತ್ತನ್ನು ಹುಡುಕುತ್ತಿತ್ತು. ಅದರ ಅಣ್ಣತಮ್ಮಂದಿರು ಬಂದರು. ಒಮ್ಮೆ ಇಪ್ಪತ್ಮೂರು ಮೂವತ್ತೈದು ಬಂದಿತ್ತು, ಎರಡೆರಡು ಸಲ ಒರೆಸಿ ನೋಡಿದ್ದೆ. ನಮ್ಮದು ಬರಲೇ ಇಲ್ಲ.

ಗೌಡರ ಜಿಪುಣತನದ ಮಾತು ಅರ್ಧಕ್ಕೆ ನಿಂತಿತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ದಿನ ಇದ್ದಕ್ಕಿದ್ದ ಹಾಗೆ ಅವರು ಆಫೀಸಿಗೆಲ್ಲ ಮಸಾಲೆದೋಸೆ ತರಿಸಿದರು. ಬಸವರಾಜು ಕಿಟಕಿಯಿಂದ ಆಕಾಶ ನೋಡಿ, “ಇವತ್ತು ಮಳೆ ಗ್ಯಾರಂಟಿ ಕಣ್ರೀ” ಎಂದ. “ಏನ್ ಸಾರ್ ವಿಶೇಷ?” ಎಂದು ನಾನು ಕೇಳಿದೆ. “ವಿಶೇಷ ಏನಿಲ್ಲ ಕಣಮ್ಮ, ಹಸಿವಾಯ್ತು” ಎಂದರು. ಮುಂದೆಯೂ ಎರಡು ಸಲ ಹೀಗೇ ಆಯಿತು, ಎರಡು ಸಲವೂ ಅದೇ ಉತ್ತರ. ಹಬ್ಬವಿಲ್ಲ, ಮಕ್ಕಳ ಪರೀಕ್ಷೆಯ ಫಲಿತಾಂಶವಿಲ್ಲ. ನಾವು ನಕ್ಕು, ತಿಂದು, ಮರೆತೆವು.

ಕಾಲ ಬದಲಾಯಿತು. ಬರೆದುಕೊಂಡು ಬಂದು ಕಂಪ್ಯೂಟರಿಗೆ ಹಾಕುತ್ತಿದ್ದವರು, ಕಂಪ್ಯೂಟರಿನಲ್ಲಿ ಮೊದಲೇ ಬಂದಿರುವ ಪಟ್ಟಿಯನ್ನು ಗಾಡಿಗೆ ಹೋಲಿಸಿ ನೋಡುವವರಾದೆವು. ಈಗ ವ್ಯಾಗನ್ನಿಗೇ ಒಂದು ಚೀಟಿಯಂಥದ್ದನ್ನು ಅಂಟಿಸಿರುತ್ತಾರೆ, ಹಳಿಯ ಪಕ್ಕದ ಯಂತ್ರ ಅದನ್ನು ಓಡುವ ಗಾಡಿಯಲ್ಲೇ ಓದಿಬಿಡುತ್ತದೆ ಎನ್ನುತ್ತಾರೆ. ಒಳ್ಳೆಯದೇ. ಮಂಡಿ ಉಳಿಯುತ್ತದೆ. ಆದರೆ ಸಿಮೆಂಟಿನ ಧೂಳು ಒರೆಸಿದಾಗ ಒಂದೊಂದೇ ಅಂಕಿ ಮುಖ ತೋರಿಸುವುದನ್ನು ಆ ಯಂತ್ರ ಕಾಣುವುದಿಲ್ಲವಲ್ಲ ಎಂದು ನನಗೆ ಅದರ ಮೇಲೆ ಕನಿಕರ.

ಗೌಡರು ನನಗಿಂತ ಮೊದಲೇ ನಿವೃತ್ತರಾದರು. ಆಗ ನಾವು ಐದಂಕಿಯ ಭಾಜಕಗಳಿಗೆ ಬಂದಿದ್ದೆವು. ಮಾರನೆಯ ದಿನ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟಿನಲ್ಲಿ ಯಾರೋ ಕಾಲೇಜು ಹುಡುಗ ಕೂತಿದ್ದ. ಜಾವಗಲ್ ಬರುವ ತನಕ ನಾನು ನಿಂತುಕೊಂಡೇ ಹೋದೆ. ಆಮೇಲೂ ನನ್ನ ಪಾಲು ನಾನು ಬಿಡಲಿಲ್ಲ. ಬೇಲೂರಿಗೆ ಹೋದಾಗ ಗೌಡರು ಕೇಳುವುದು ಅದೊಂದೇ, “ಹೋಯ್ತೇನಮ್ಮಾ?” ಇಲ್ಲವೆಂದರೆ ಸಮಾಧಾನ. ಕಣ್ಣಿನ ಪೊರೆ ತೆಗೆಸಿದ ಮೇಲೂ ಅವರಿಗೆ ಸಣ್ಣ ಅಂಕಿ ಕಾಣುತ್ತಿರಲಿಲ್ಲ. “ನನ್ ಪಾಲು ಅಲ್ಲಿಗೇ ನಿಂತೈತೆ” ಎನ್ನುತ್ತಿದ್ದರು.

ನಾನೂ ನಿವೃತ್ತಳಾದೆ. ಮಗಳಿಗೆ ಹಾಸನದ ಶಾಲೆಯಲ್ಲಿ ಕೆಲಸ, ದಿನಾ ಇಲ್ಲಿಂದಲೇ ಓಡಾಡುತ್ತಾಳೆ. ಅವಳು ಬಸ್ಸಿಗೆ ಹೋದ ಮೇಲೆ ಮನೆಯಲ್ಲಿ ಬೆಳಗು ಬಹಳ ಉದ್ದ. ನನಗೆ ಆ ಬಸ್ಸು ಬೇಕಿತ್ತು. ಆ ಟವೆಲು, ಜಾವಗಲ್ಲಿನ ತಿರುವು, ಬೆನ್ನ ಹಿಂದಿನ ಆ ದನಿ ಬೇಕಿತ್ತು. ಫೋನಿನಲ್ಲಿ ಒತ್ತಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ ಎಂದು ಮಗಳು ಎಷ್ಟೋ ಸಲ ಹೇಳಿದ್ದಳು. ಉತ್ತರ ಯಾರಿಗೆ ಬೇಕಿತ್ತು? ಒಂದು ದಿನ ಹಾಳೆ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದೆ, ಈ ಸಲ ಗೌಡರ ಪಾಲಿನವನ್ನು. ಹದಿನೇಳು, ಮೂವತ್ತೊಂದು, ಮೂವತ್ತೇಳು. ಅವರು ಭಾಗಿಸಿದ್ದನ್ನೇ ಭಾಗಿಸಿದರೆ ಅವರ ಪಕ್ಕದಲ್ಲಿ ಕೂತ ಹಾಗೆ ಅನ್ನಿಸುತ್ತಿತ್ತು. ಪ್ರತಿ ಸಲವೂ ಮನಸ್ಸಿನಲ್ಲೇ “ನಂದೂ ಹೋಗ್ಲಿಲ್ಲ ಕಣಮ್ಮ” ಎಂದು ಅವರ ಮಾತನ್ನು ನಾನೇ ಹೇಳಿಕೊಳ್ಳುತ್ತಿದ್ದೆ.

ಸಾವಿರದ ಇನ್ನೂರ ಎಪ್ಪತ್ತೇಳಕ್ಕೆ ಬಂದಾಗ ಶೇಷ ಸೊನ್ನೆ ಬಂತು.

ಎಲ್ಲೋ ತಪ್ಪಿದೆ ಎಂದುಕೊಂಡು ಮತ್ತೆ ಮಾಡಿದೆ. ಸೊನ್ನೆ. ತಿರುಗಿಸಿ ಗುಣಿಸಿ ನೋಡಿದೆ. ಸರಿಯಾಗಿ ಮೂವತ್ತು, ಹನ್ನೆರಡು, ತೊಂಬತ್ತು, ಇಪ್ಪತ್ಮೂರು ಮೂವತ್ತಾರು, ಒಂಬತ್ತು. ನಮ್ಮ ನಂಬರು ಅವಿಭಾಜ್ಯವಲ್ಲ. ಏಳರಲ್ಲಿ ಕೊನೆಯಾಗುವ ಭಾಜಕ, ಗೌಡರ ಪಾಲಿನದು. ಮೊದಲ ವರ್ಷದಲ್ಲೇ ಅವರು ಅದನ್ನು ದಾಟಿದ್ದರು.

ಅವರೂ ಮನುಷ್ಯರೇ, ಬಸ್ಸಿನ ಕುಲುಕಾಟದಲ್ಲಿ ತಪ್ಪಿರಬಹುದು ಎಂದುಕೊಂಡೆ. ಭಾಗಲಬ್ಧ ಎಂಟಂಕಿಯದು, ಈಗ ಕೆಲಸ ಹಗುರ. ಅದನ್ನೂ ಒಡೆಯುತ್ತ ಹೋದೆ. ಮೂರು ಸಾವಿರದ ಐನೂರ ಎಪ್ಪತ್ತೊಂದರಿಂದ ಹೋಯಿತು. ಉಳಿದದ್ದು ಆರು ಸಾವಿರದ ಆರುನೂರ ಏಳು, ಅದು ಇನ್ನು ಒಡೆಯುವುದಿಲ್ಲ. ಏಳು, ಒಂದು, ಏಳು. ಮೂರೂ ಅವರ ಪಾಲಿನವೇ. ಅಷ್ಟು ವರ್ಷ ನಾನು ಭಾಗಿಸಿದ ನನ್ನ ಪಾಲಿನಲ್ಲಿ ಒಂದೂ ಇರಲಿಲ್ಲ.

ಒಂದು ತಪ್ಪಬಹುದು. ಮೂರೂ ತಪ್ಪುವುದಿಲ್ಲ. ಕೈಯಲ್ಲಿ ಪೆನ್ನು ಹಿಡಿದುಕೊಂಡು ಕೂತಿದ್ದಾಗ ಮೂರು ಸಲದ ಮಸಾಲೆದೋಸೆ ನೆನಪಿಗೆ ಬಂತು. ಪಂದ್ಯದ ಮಾತು ಉಳಿಸಿಕೊಂಡಿದ್ದರು ಪುಣ್ಯಾತ್ಮ. ಹೇಳದೆ ಬಚ್ಚಿಟ್ಟದ್ದು ಒಂದೇ, ನನ್ನ ರಾಜೀನಾಮೆಯ ದಿನ. ನಾನು ಬಹಳ ಹೊತ್ತು ಅತ್ತೆ. ಆ ಬೆಳಗು ಯಾವುದು, ಬಸ್ಸು ಎಲ್ಲಿತ್ತು, ಬೆನ್ನ ಹಿಂದೆ ಆ ದನಿ ಎಷ್ಟು ತಡವರಿಸಿತ್ತು ಎಂದು ಎಷ್ಟು ಕೆದಕಿದರೂ ನೆನಪಾಗುವುದಿಲ್ಲ. ನನ್ನ ಬದುಕು ಉಳಿದ ದಿನ ನನಗೆ ಬೇರೆ ದಿನಗಳ ಹಾಗೆಯೇ ಕಳೆದುಹೋಗಿದೆ. ಅದೊಂದನ್ನು ವಾಪಸು ತಂದುಕೊಡುವುದಾದರೆ ಪಿಂಚಣಿ ಬಿಟ್ಟುಕೊಟ್ಟೇನು.

ಮಾರನೆಯ ದಿನ ಬೇಲೂರಿಗೆ ಹೋದೆ. ಕೇಳಿಯೇ ಬಿಡುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬರುತ್ತೇನೆಂದು ಫೋನ್ ಮಾಡಿದ್ದರಿಂದ ಗೌಡರು ಬಸ್ ಸ್ಟ್ಯಾಂಡಿಗೇ ಬಂದಿದ್ದರು. ಕೈಯಲ್ಲಿ ಕೋಲು, ಹೆಗಲ ಮೇಲೆ ಟವೆಲು. ಪಕ್ಕದ ಕಲ್ಲುಬೆಂಚಿನ ಮೇಲೆ ಟವೆಲು ಹಾಸಿ ನನಗೆ ಜಾಗ ಮಾಡಿದರು.

“ಹೋಯ್ತೇನಮ್ಮಾ?”

ಜೋಡಿಸಿಕೊಂಡಿದ್ದ ಮಾತೆಲ್ಲ ನಾಲಗೆಯವರೆಗೆ ಬಂತು. ಅವರ ಮುಖ ನೋಡಿದೆ. ಈಗ ಅವರ ಬೆಳಗೂ ಉದ್ದವೇ.

“ಇಲ್ಲ ಸಾರ್, ಹೋಗ್ಲಿಲ್ಲ.”

“ಹೂಂ. ಗಟ್ಟಿ ನಂಬರು ಅದು.”

“ಬನ್ನಿ ಸಾರ್, ಇವತ್ತು ಮಸಾಲೆದೋಸೆ ನಾನು ಕೊಡಿಸ್ತೀನಿ.”

“ಏನಮ್ಮಾ ವಿಶೇಷ?”

“ವಿಶೇಷ ಏನಿಲ್ಲ ಸಾರ್. ಹಸಿವಾಯ್ತು.”

ಗೌಡರು ಕೋಲಿನ ಮೇಲೆ ಎರಡೂ ಕೈ ಊರಿ ನನ್ನನ್ನು ನೋಡಿದರು. ಅಷ್ಟು ವರ್ಷ ಬೆನ್ನ ಹಿಂದೆ ಕೂತು ಉತ್ತರ ಹೇಳಿದವರ ಮುಖವನ್ನು ಆ ಗಳಿಗೆಯಲ್ಲಿ ನಾನು ಮೊದಲ ಸಲ ಎದುರಿನಿಂದ ಕಂಡೆ. ಕಣ್ಣು ತುಂಬಿತ್ತು, ತುಟಿಯಲ್ಲಿ ಕಳ್ಳನಗೆ.

“ಹಂಗಾರೆ ಮೂರು ಹೇಳಮ್ಮ” ಎಂದರು.

ಮೂರು ದೋಸೆ ತರಿಸಿ ಇಬ್ಬರೂ ಹಂಚಿಕೊಂಡು ತಿಂದೆವು. ಆ ವಿಷಯ ಮತ್ತೆ ಎತ್ತಲಿಲ್ಲ. ಹಿಂತಿರುಗುವ ಬಸ್ಸು ಬಂದಾಗ ಅವರು ನನಗಿಂತ ಮುಂದೆ ಹೋಗಿ, ಕೆಳಗಿನಿಂದಲೇ ಕಿಟಕಿಯೊಳಕ್ಕೆ ಟವೆಲು ಎಸೆದು ಸೀಟು ಹಿಡಿದರು. ಕೂತ ಮೇಲೆ ಟವೆಲು ಮಡಿಸಿ ವಾಪಸು ಕೊಟ್ಟೆ.

“ಸೋಮವಾರ ಬಾ. ಮುಂದಿನ್ದು ನೋಡಾಣ.”

“ಬತ್ತೀನಿ ಸಾರ್” ಎಂದೆ.